ಜೋಡಿಯಾಗಿ ಅಲ್ಟ್ರಾಲೈಟ್ ಹಾರಿಸಲು ಕಲಿಯುವುದು: ಸೇರುವ ದಿನದಿಂದ ಇಬ್ಬರೇ ಹಾರುವ ದಿನದವರೆಗೆ

ಗಂಡ ಹೆಂಡತಿ ಇಬ್ಬರೂ ಒಂದೇ ದಿನ ಹಾರಾಟದ ಶಾಲೆಗೆ ಸೇರುತ್ತಾರೆ. ಕೆಲವು ತಿಂಗಳು ಕಳೆದು ನೋಡಿದರೆ ಒಬ್ಬರು ಹಾರುತ್ತಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಬಿಟ್ಟವರಿಗೆ ಕೈ ಕೂಡಲಿಲ್ಲ ಅಂತಲ್ಲ. ಜೊತೆಯಾಗಿ ಕಲಿಯುವುದು ಅಂದರೆ ಜೊತೆಯಾಗಿ ಹಾರುತ್ತಾ ಕಲಿಯುವುದು ಅಂದುಕೊಂಡು ಹೊರಟಿರುತ್ತಾರೆ, ಎಡವುವುದು ಅಲ್ಲೇ.

ಅಲ್ಟ್ರಾಲೈಟ್ ಅಂದರೆ ತೀರಾ ಹಗುರವಾದ ಚಿಕ್ಕ ವಿಮಾನ. ತರಬೇತಿಯದ್ದರಲ್ಲಿ ಇರುವುದು ಎರಡೇ ಸೀಟು. ಒಂದು ಕಲಿಯುವವರಿಗೆ, ಇನ್ನೊಂದು ಇನ್‌ಸ್ಟ್ರಕ್ಟರಿಗೆ. ಹಾಗಾಗಿ ಲೈಸೆನ್ಸ್ ಬರುವ ತನಕ ನೀವಿಬ್ಬರೂ ಒಟ್ಟಿಗೆ ಮೇಲೆ ಹೋಗುವುದೇ ಇಲ್ಲ. ಒಬ್ಬರು ಮೇಲಿದ್ದಾಗ ಇನ್ನೊಬ್ಬರು ಕೆಳಗೆ. ಕೆಳಗಿರುವವರು ಆ ಹೊತ್ತನ್ನು ಹೇಗೆ ಬಳಸುತ್ತಾರೆ ಅನ್ನುವುದರ ಮೇಲೆ ಇಬ್ಬರ ಕಲಿಕೆಯೂ ನಿಂತಿದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇಲ್ಲಿ ಕೊಟ್ಟಿರುವ ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ಮಾತ್ರ. ಹಾರುವಾಗ ನಿಮ್ಮ ವಿಮಾನದ ಕೈಪಿಡಿ, ನಿಮ್ಮ ದೇಶದ ನಿಯಮ ಮತ್ತು ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದೇ ಕೊನೆಯ ಮಾತು.

## ಹಂತ 1: ಹಣ ಕಟ್ಟುವ ಮೊದಲು ಮನೆಯಲ್ಲಿ ಮಾತು ಮುಗಿಸಿ

ಇಬ್ಬರಿಗೂ ಆಸೆ ಇದೆಯಾ, ಅಥವಾ ಒಬ್ಬರ ಆಸೆಗೆ ಇನ್ನೊಬ್ಬರು ತಲೆಯಾಡಿಸಿದ್ದಾರಾ? ಬಾಯಿಮಾತಿನಲ್ಲಿ ಇದು ಗೊತ್ತಾಗುವುದಿಲ್ಲ. ಇಬ್ಬರೂ ಒಂದೊಂದು ಪರಿಚಯ ಹಾರಾಟ ಮಾಡಿ. ಇಳಿದ ತಕ್ಷಣ "ಹೇಗಿತ್ತು?" ಅಂತ ಕೇಳಬೇಡಿ. ಒಂದು ರಾತ್ರಿ ಕಳೆಯಲಿ. ಆಮೇಲೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಉತ್ತರ ಬರೆಯಿರಿ: ಕಲಿಯಬೇಕು, ಜೊತೆಗೆ ಕೂತರೆ ಸಾಕು, ಬೇಡ. ಮೂರೂ ಸರಿಯಾದ ಉತ್ತರಗಳೇ. "ಜೊತೆಗೆ ಕೂತರೆ ಸಾಕು" ಅಂದವರನ್ನು ಪೂರ್ತಿ ಕೋರ್ಸಿಗೆ ಎಳೆಯಬೇಡಿ. ನಕ್ಷೆ ಓದುವುದು, ರೇಡಿಯೋದಲ್ಲಿ ಮಾತಾಡುವುದು, ಪೈಲಟ್‌ಗೆ ಏನಾದರೂ ಆದರೆ ವಿಮಾನವನ್ನು ಕೆಳಗಿಳಿಸುವುದು, ಇಷ್ಟನ್ನು ಕೆಲವು ಪಾಠಗಳಲ್ಲಿ ಕಲಿಸುವ ಇನ್‌ಸ್ಟ್ರಕ್ಟರ್‌ಗಳು ಇದ್ದಾರೆ.

ವೈದ್ಯಕೀಯ ಪರೀಕ್ಷೆಯನ್ನು ಇಬ್ಬರೂ ಮೊದಲೇ ಮಾಡಿಸಿ. ಹಳೆಯ ಕಾಯಿಲೆ, ದಿನಾ ನುಂಗುವ ಒಂದು ಮಾತ್ರೆ, ಒಂದು ಕಣ್ಣಿನ ದೃಷ್ಟಿ, ಯಾವುದಾದರೂ ಅಡ್ಡ ಬರಬಹುದು. ಅರ್ಧ ಕೋರ್ಸ್ ಆದ ಮೇಲೆ ಒಬ್ಬರಿಗೆ ಇದು ಗೊತ್ತಾದರೆ ಇನ್ನೊಬ್ಬರ ಉತ್ಸಾಹವೂ ಕುಸಿಯುತ್ತದೆ.

ಆಮೇಲೆ ಕಾಗದಪತ್ರ. ಖಾಸಗಿ ಹಾರಾಟದಲ್ಲಿ ಆದ ಸಾವಿಗೆ ಹಣ ಕೊಡದ ಜೀವವಿಮೆಗಳು ಬಹಳ ಇವೆ. ನಿಮ್ಮ ಪಾಲಿಸಿ ಏನನ್ನುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಮಕ್ಕಳಿದ್ದರೆ ಇನ್ನೂ ಒಂದು ಮಾತಿದೆ. ಮುಂದೆ ನೀವಿಬ್ಬರೂ ಒಂದೇ ವಿಮಾನದಲ್ಲಿ ಕೂರುತ್ತೀರಿ. ಅವತ್ತಿಗೆ ಮೊದಲು ಉಯಿಲು ಮತ್ತು ಮಕ್ಕಳ ಪೋಷಕರ ಹೆಸರು ಕಾಗದದಲ್ಲಿ ಇರಲೇಬೇಕು. ಮಾತಾಡಲು ಹಿತವಾದ ವಿಷಯವಲ್ಲ. ಆದರೆ ಇದನ್ನು ಮುಗಿಸಿದವರು ಮೇಲೆ ಹೋದಾಗ ನೆಮ್ಮದಿಯಿಂದ ಹಾರುತ್ತಾರೆ.

ಕೊನೆಯದು ಒಂದು ಒಪ್ಪಂದ. ಇಬ್ಬರಲ್ಲಿ ಯಾರೇ "ಇವತ್ತು ಬೇಡ" ಅಂದರೂ ಅವತ್ತು ಹಾರಾಟ ಇಲ್ಲ. ಕಾರಣ ಕೇಳುವ ಹಾಗಿಲ್ಲ, ಮುಖ ಸಣ್ಣ ಮಾಡುವ ಹಾಗೂ ಇಲ್ಲ. ಇದನ್ನು ಮೊದಲ ದಿನವೇ ಒಪ್ಪಿಕೊಂಡು ಬಿಡಿ.

## ಹಂತ 2: ಇಬ್ಬರೂ ಒಂದೇ ಬಗೆಯ ವಿಮಾನ ಆರಿಸಿ

ಅಲ್ಟ್ರಾಲೈಟ್ ಅನ್ನುವ ಹೆಸರಿನ ಅಡಿಯಲ್ಲಿ ಹಲವು ಬಗೆ ಬರುತ್ತವೆ. ಮುಖ್ಯವಾಗಿ ಮೂರು. ಸ್ಟಿಕ್ (ಕೈಯಲ್ಲಿ ಹಿಡಿದು ನಡೆಸುವ ಕೋಲು) ಮತ್ತು ರಡರ್ ಪೆಡಲ್ (ಮೂಗನ್ನು ಎಡಬಲಕ್ಕೆ ತಿರುಗಿಸಲು ಕಾಲಲ್ಲಿ ಒತ್ತುವುದು) ಇರುವ ಸಾಮಾನ್ಯ ವಿಮಾನದಂಥದ್ದು. ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ಮೂರು ಚಕ್ರದ ಗಾಡಿ ಇರುವ ಟ್ರೈಕ್. ಪ್ಯಾರಾಚೂಟ್ ಕೆಳಗೆ ತೂಗುವ ಪವರ್ಡ್ ಪ್ಯಾರಾಚೂಟ್.

ಒಬ್ಬರು ಟ್ರೈಕ್, ಇನ್ನೊಬ್ಬರು ಸ್ಟಿಕ್ ವಿಮಾನ ಕಲಿಯುವುದು ಬೇಡ. ಕಾರಣ ರುಚಿಯ ಭೇದವಲ್ಲ. ಎರಡರ ಹಿಡಿತ ಒಂದಕ್ಕೊಂದು ಉಲ್ಟಾ. ಸ್ಟಿಕ್ ಮುಂದಕ್ಕೆ ತಳ್ಳಿದರೆ ಮೂಗು ಕೆಳಗೆ ಹೋಗುತ್ತದೆ. ಟ್ರೈಕಿನ ಬಾರ್ (ಕೈಯಲ್ಲಿ ಹಿಡಿಯುವ ಅಡ್ಡ ಸಲಾಕೆ) ಮುಂದಕ್ಕೆ ತಳ್ಳಿದರೆ ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ. ಸ್ಟಿಕ್ ಬಲಕ್ಕೆ ಒತ್ತಿದರೆ ಬಲಕ್ಕೆ ವಾಲುತ್ತದೆ, ಬಾರ್ ಬಲಕ್ಕೆ ಸರಿಸಿದರೆ ಎಡಕ್ಕೆ. ನೆಲದ ಮೇಲೆ ಓಡಿಸುವಾಗ ಕಾಲಿನ ಒತ್ತುವಿಕೆಯೂ ಸಾಮಾನ್ಯವಾಗಿ ಹೀಗೇ ತಿರುಗುಮುರುಗು. ಮನೆಯಲ್ಲಿ ಕೂತು ಇಬ್ಬರೂ ಪಾಠ ಚರ್ಚೆ ಮಾಡುವಾಗ ಒಬ್ಬರ ಮಾತು ಇನ್ನೊಬ್ಬರ ಕೈಗೆ ತಪ್ಪು ಅಭ್ಯಾಸ ಕೊಡುತ್ತದೆ. ಎಂಜಿನ್ ನಿಂತ ಗಳಿಗೆಯಲ್ಲಿ ಕೈ ಯೋಚನೆ ಮಾಡುವುದಿಲ್ಲ, ಅಭ್ಯಾಸವಾದದ್ದನ್ನು ಮಾಡುತ್ತದೆ.

ಸೀಟುಗಳ ಜೋಡಣೆಯನ್ನೂ ನೋಡಿ. ಅಕ್ಕಪಕ್ಕ ಕೂರುವ ವಿಮಾನದಲ್ಲಿ ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತದೆ, ನಕ್ಷೆ ಹಂಚಿಕೊಳ್ಳುವುದು ಸುಲಭ. ಹಿಂದೆ ಮುಂದೆ ಕೂರುವುದರಲ್ಲಿ ಹಿಂದಿನವರಿಗೆ ಮುಂದಿನವರ ಹೆಲ್ಮೆಟ್ಟೇ ಜಾಸ್ತಿ ಕಾಣುತ್ತದೆ. ಇಬ್ಬರೂ ಪೈಲಟ್ ಆಗುವ ಉದ್ದೇಶವಿದ್ದರೆ ಅಕ್ಕಪಕ್ಕದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಿಯಮದಲ್ಲಿ ಒಂದು ಎಚ್ಚರ. ಅಲ್ಟ್ರಾಲೈಟ್ ಅಂದರೆ ಏನು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ನಿಯಮದಲ್ಲಿ ಅದು ಒಂದೇ ಸೀಟಿನದು, ಎಂಜಿನ್ ಇರುವುದಾದರೆ ಖಾಲಿ ತೂಕ 254 ಪೌಂಡಿಗಿಂತ ಕಡಿಮೆ ಇರಬೇಕು. ಜೋಡಿ ಅದರಲ್ಲಿ ಕೂರಲು ಆಗುವುದೇ ಇಲ್ಲ, ಬೇರೆ ವರ್ಗದ ವಿಮಾನ ಮತ್ತು ಲೈಸೆನ್ಸ್ ಬೇಕು. ಬೇರೆ ಎಷ್ಟೋ ದೇಶಗಳಲ್ಲಿ ಎರಡು ಸೀಟಿನ ಹಗುರ ವಿಮಾನಕ್ಕೂ ಅಲ್ಟ್ರಾಲೈಟ್ ಅಥವಾ ಮೈಕ್ರೋಲೈಟ್ ಅನ್ನುತ್ತಾರೆ. ನಿಮ್ಮ ದೇಶದ ವ್ಯಾಖ್ಯೆ ಓದದೆ ಕೋರ್ಸಿಗೆ ಹಣ ಕಟ್ಟಬೇಡಿ.

## ಹಂತ 3: ತೂಕದ ಲೆಕ್ಕ ಈಗಲೇ ಹಾಕಿ

ಬಹಳ ಜೋಡಿಗಳು ಈ ಲೆಕ್ಕವನ್ನು ಲೈಸೆನ್ಸ್ ಬಂದ ಮೇಲೆ ಹಾಕುತ್ತಾರೆ. ಆಗ ತಾವು ಕಲಿತ ವಿಮಾನದಲ್ಲಿ ಇಬ್ಬರೂ ಇಂಧನದ ಜೊತೆ ಕೂರಲು ಆಗುವುದಿಲ್ಲ ಅಂತ ಗೊತ್ತಾಗುತ್ತದೆ.

ಒಂದು ಉದಾಹರಣೆ ನೋಡಿ. ವಿಮಾನ ಹೊತ್ತು ಮೇಲೇಳಬಹುದಾದ ಗರಿಷ್ಠ ತೂಕ 450 ಕಿಲೋ. ಖಾಲಿ ತೂಕ 275 ಕಿಲೋ. ಉಳಿದದ್ದು 175. ಒಬ್ಬರು 72 ಕಿಲೋ, ಇನ್ನೊಬ್ಬರು 68, ಸೇರಿ 140. ಬಟ್ಟೆ, ಶೂ, ಹೆಡ್‌ಸೆಟ್, ನೀರು, ಚೀಲ ಅಂತ 10 ಕಿಲೋ ಹಿಡಿಯಿರಿ. ಇಂಧನಕ್ಕೆ ಉಳಿದದ್ದು 25 ಕಿಲೋ. ಪೆಟ್ರೋಲ್ ಒಂದು ಲೀಟರಿಗೆ ಸುಮಾರು 0.72 ಕಿಲೋ ತೂಗುತ್ತದೆ. ಅಂದರೆ ಸುಮಾರು 34 ಲೀಟರ್. ಎಂಜಿನ್ ಗಂಟೆಗೆ 15 ಲೀಟರ್ ಕುಡಿದರೆ ಟ್ಯಾಂಕ್ ಪೂರ್ತಿ ಒಣಗಲು ಎರಡೂಕಾಲು ಗಂಟೆ. ಅದರಲ್ಲಿ ಕನಿಷ್ಠ ಅರ್ಧ ಗಂಟೆಯದ್ದನ್ನು ಮುಟ್ಟಬಾರದು. ನಾನಾದರೆ ಒಂದು ಗಂಟೆಯದ್ದು ಬಿಡುತ್ತೇನೆ. ಹಾಗಾದರೆ ನಿಮ್ಮ ಹಾರಾಟ ಒಂದೂಕಾಲು ಗಂಟೆ.

ಈ ಲೆಕ್ಕಕ್ಕೆ ನಿಜವಾದ ಅಂಕಿ ಬೇಕು. ಹಾರುವ ಬಟ್ಟೆ, ಶೂ ಹಾಕಿಕೊಂಡೇ ತಕ್ಕಡಿ ಹತ್ತಿ. ವಿಮಾನದ ಖಾಲಿ ತೂಕವನ್ನು ಜಾಹೀರಾತಿನಿಂದ ತೆಗೆದುಕೊಳ್ಳಬೇಡಿ. ಆ ವಿಮಾನವನ್ನೇ ತೂಗಿದ ವರದಿ ಶಾಲೆಯಲ್ಲಿ ಇರಬೇಕು, ಕೇಳಿ ನೋಡಿ. ಸಂಗಾತಿಯ ಎದುರು ತೂಕ ಹೇಳಲು ಮುಜುಗರ ಪಟ್ಟು ನಾಲ್ಕು ಕಿಲೋ ಕಡಿಮೆ ಬರೆಯುವವರಿದ್ದಾರೆ. ವಿಮಾನಕ್ಕೆ ಆ ಮುಜುಗರ ಗೊತ್ತಾಗುವುದಿಲ್ಲ, ಅಲ್ವಾ?

ಒಟ್ಟು ತೂಕ ಸರಿಯಿದ್ದರೆ ಸಾಲದು, ಅದು ಎಲ್ಲಿ ಕೂತಿದೆ ಅನ್ನುವುದೂ ಸರಿಯಿರಬೇಕು. ಭಾರದ ಕೇಂದ್ರ ಕೈಪಿಡಿ ಹೇಳಿದ ಮಿತಿಗಿಂತ ಹಿಂದೆ ಹೋದರೆ ವಿಮಾನ ಸ್ಟಾಲ್‌ನಿಂದ (ರೆಕ್ಕೆಯ ಎತ್ತುವ ಬಲ ಕುಸಿದ ಸ್ಥಿತಿಯಿಂದ) ಹೊರಬರಲು ಹಟ ಮಾಡುತ್ತದೆ. ಸೀಟಿನ ಹಿಂದೆ ಚೀಲ ತುರುಕುವ ಮೊದಲು ಈ ಲೆಕ್ಕ ಮಾಡಿ.

## ಹಂತ 4: ಶಾಲೆ ಮತ್ತು ಇನ್‌ಸ್ಟ್ರಕ್ಟರ್

ಒಬ್ಬರೇ ಇನ್‌ಸ್ಟ್ರಕ್ಟರ್, ಒಂದೇ ವಿಮಾನ, ಒಂದೇ ಪಾಠಪಟ್ಟಿ, ಆದರೆ ಬೇರೆ ಬೇರೆ ಪಾಠದ ಹೊತ್ತು. ಇದೇ ಒಳ್ಳೆಯ ಏರ್ಪಾಡು. ಇಬ್ಬರು ಇನ್‌ಸ್ಟ್ರಕ್ಟರ್‌ಗಳಾದರೆ ಮನೆಯಲ್ಲಿ "ನಮ್ಮವರು ಹೀಗೆ ಹೇಳಿದರು" ಅನ್ನುವ ವಾದ ತಪ್ಪುವುದಿಲ್ಲ.

ಮೊದಲ ಭೇಟಿಯಲ್ಲೇ ಇನ್‌ಸ್ಟ್ರಕ್ಟರಿಗೆ ಎರಡು ಮಾತು ಹೇಳಿ. ಒಂದು, ಒಬ್ಬರ ಪ್ರಗತಿಯನ್ನು ಇನ್ನೊಬ್ಬರ ಮುಂದೆ ಹೋಲಿಸಬೇಡಿ. ಎರಡು, ಹಾರಾಟದ ನಂತರದ ವಿಮರ್ಶೆಯನ್ನು ಮೊದಲು ಹಾರಿದವರೊಂದಿಗೆ ಮಾತ್ರ ಮಾಡಿ.

ಈ ಕೆಳಗಿನವು ಕಂಡರೆ ಬೇರೆ ಶಾಲೆ ಹುಡುಕಿ:

- ಬರೆದ ಪಾಠಪಟ್ಟಿ ಇಲ್ಲ, ಅವತ್ತವತ್ತಿಗೆ ತೋಚಿದ ಪಾಠ.
- ವಿಮಾನದ ದುರಸ್ತಿ ಪುಸ್ತಕ ಕೇಳಿದರೆ ಮಾತು ತಿರುಗಿಸುತ್ತಾರೆ.
- ಹಾರಾಟಕ್ಕೆ ಮುಂಚೆ ವಿವರಣೆ ಇಲ್ಲ, ಆಮೇಲೆ ವಿಮರ್ಶೆ ಇಲ್ಲ.
- ಗಾಳಿ ಜೋರಾಗಿದ್ದರೂ "ಏನಾಗಲ್ಲ ಬನ್ನಿ" ಅನ್ನುತ್ತಾರೆ.
- ಇಬ್ಬರಲ್ಲಿ ಒಬ್ಬರೊಂದಿಗೆ ಮಾತ್ರ ಮಾತಾಡುತ್ತಾರೆ, ಇನ್ನೊಬ್ಬರು ಪ್ರಶ್ನೆ ಕೇಳಿದರೂ ಉತ್ತರ ಮೊದಲಿನವರ ಕಡೆ ನೋಡಿ ಕೊಡುತ್ತಾರೆ.

ಕೊನೆಯದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಕಡೆಗಣಿಸಲ್ಪಟ್ಟವರೇ ಮೊದಲು ಬಿಡುವುದು.

## ಹಂತ 5: ಬೇಕಾದ ಸಾಮಾನು

ಜಾಸ್ತಿ ಬೇಡ. ಇಬ್ಬರಿಗೂ ಬೇರೆ ಬೇರೆ ಲಾಗ್‌ಬುಕ್, ಅಂದರೆ ಹಾರಾಟದ ಲೆಕ್ಕ ಬರೆಯುವ ಪುಸ್ತಕ. ಅಳತೆಗೆ ಸರಿಹೊಂದುವ ಹೆಡ್‌ಸೆಟ್, ತೆರೆದ ವಿಮಾನವಾದರೆ ಹೆಲ್ಮೆಟ್. ತೆಳು ಅಡಿಯ ಶೂ, ಪೆಡಲ್ ಕಾಲಿಗೆ ಗೊತ್ತಾಗಬೇಕು. ತೊಡೆಗೆ ಕಟ್ಟುವ ಬರೆಯುವ ಹಲಗೆ, ದಾರ ಕಟ್ಟಿದ ಪೆನ್ಸಿಲ್, ಆ ಪ್ರದೇಶದ ಹೊಸ ವೈಮಾನಿಕ ನಕ್ಷೆ. ತಂಪು ಕನ್ನಡಕ ಪೋಲರೈಸ್ಡ್ ಆಗಿರದಿರಲಿ, ಅದರಲ್ಲಿ ವಿಮಾನದ ಕೆಲವು ಪರದೆಗಳು ಕಪ್ಪಾಗಿ ಕಾಣುತ್ತವೆ.

ಟ್ರೈಕ್ ಕಲಿಯುವವರಿಗೆ ಒಂದು ಗಟ್ಟಿ ಎಚ್ಚರಿಕೆ. ಪ್ರೊಪೆಲ್ಲರ್ ನಿಮ್ಮ ಬೆನ್ನ ಹಿಂದೆ ಇದೆ. ಕೈಯಿಂದ ಜಾರಿದ ಫೋನ್, ಟೋಪಿ, ಕೈಗವಸು, ಕುತ್ತಿಗೆಯ ಬಟ್ಟೆ ಎಲ್ಲವೂ ನೇರ ಅದಕ್ಕೇ ಹೋಗುತ್ತವೆ. ಜೇಬುಗಳಿಗೆ ಜಿಪ್ ಇರಲಿ. ಉದ್ದ ಕೂದಲನ್ನು ಕಟ್ಟಿ ಜಾಕೆಟ್ ಒಳಗೆ ಸೇರಿಸಿ. ಸಂಗಾತಿಯ ಫೋಟೋ ತೆಗೆಯುವ ಆಸೆಯನ್ನು ಮೊದಲ ದಿನದಿಂದಲೇ ನೆಲದ ಮೇಲಿನ ಕೆಲಸವನ್ನಾಗಿ ಮಾಡಿಕೊಳ್ಳಿ.

## ಹಂತ 6: ಒಬ್ಬರು ಮೇಲೆ, ಒಬ್ಬರು ಕೆಳಗೆ

ಜೋಡಿಯಾಗಿ ಕಲಿಯುವುದರ ಲಾಭ ಸಿಗುವುದು ಇಲ್ಲೇ, ಹಾಳಾಗುವುದೂ ಇಲ್ಲೇ.

ಪಾಠದ ದಿನ ಇಬ್ಬರೂ ಒಟ್ಟಿಗೆ ಹೋಗಿ. ಬೆಳಗಿನ ಮೊದಲ ಹೊತ್ತು ಗಾಳಿ ಶಾಂತವಾಗಿರುತ್ತದೆ. ಬಿಸಿಲೇರಿದ ಹಾಗೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ, ಹಗುರ ವಿಮಾನ ಅಲ್ಲಾಡುತ್ತದೆ. ಅದಕ್ಕೆ ಮೊದಲ ಪಾಠದ ಹೊತ್ತನ್ನು ಪ್ರತಿ ಸಲ ಅದಲು ಬದಲು ಮಾಡಿಕೊಳ್ಳಿ. ಯಾವಾಗಲೂ ಒಬ್ಬರೇ ಮೊದಲು ಹಾರಿದರೆ ಅವರಿಗೆ ಯಾವಾಗಲೂ ಒಳ್ಳೆಯ ಗಾಳಿ, ಇನ್ನೊಬ್ಬರಿಗೆ ಯಾವಾಗಲೂ ಕುಲುಕಾಟ. ಆಮೇಲೆ "ಅವರಿಗೆ ಬೇಗ ಬಂತು, ನನಗೆ ಬರಲಿಲ್ಲ" ಅನ್ನುವ ಬೇಸರ.

ಕೆಳಗಿರುವವರ ಕೆಲಸ ಹೀಗಿರಲಿ:

1. ಅವತ್ತಿನ ಪಾಠದ ವಿವರಣೆಯನ್ನು ಪಕ್ಕದಲ್ಲಿ ಕೂತು ಕೇಳಿ. ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ನಡುವೆ ಬಾಯಿ ಹಾಕಬೇಡಿ.
2. ಸರ್ಕ್ಯೂಟ್ ನೋಡಿ, ಅಂದರೆ ಟೇಕಾಫ್ ಆಗಿ ರನ್‌ವೇ ಪಕ್ಕದಲ್ಲಿ ಒಂದು ಸುತ್ತು ಹಾರಿ ಮತ್ತೆ ಇಳಿಯುವುದನ್ನು. ವಿಮಾನ ಎಲ್ಲಿ ತಿರುಗಿತು, ಎಷ್ಟು ಎತ್ತರದಲ್ಲಿತ್ತು, ಮೂಗು ಎತ್ತುವುದು ಎಲ್ಲಿ ಶುರುವಾಯಿತು, ಚಕ್ರ ಎಲ್ಲಿ ಮುಟ್ಟಿತು ಅಂತ ಗುರುತು ಮಾಡಿ.
3. ಅನುಮತಿ ಪಡೆದು, ಸುರಕ್ಷಿತ ಜಾಗದಲ್ಲಿ ನಿಂತು, ಲ್ಯಾಂಡಿಂಗನ್ನು ಪಕ್ಕದಿಂದ ವಿಡಿಯೋ ಮಾಡಿ. ಒಳಗೆ ಕೂತವರಿಗೆ ತಮ್ಮ ಎತ್ತರ ಕಾಣುವುದಿಲ್ಲ, ಪಕ್ಕದಿಂದ ಚೆನ್ನಾಗಿ ಕಾಣುತ್ತದೆ.
4. ಶಾಲೆಯ ರೇಡಿಯೋದಲ್ಲಿ ಬರುವ ಮಾತು ಕೇಳಿ. ಕಿವಿ ಪಳಗಿದರೆ ನಿಮ್ಮ ಸರದಿಯಲ್ಲಿ ಅರ್ಧ ಭಯ ಹೋಗಿರುತ್ತದೆ.

ಇಳಿದು ಬಂದವರನ್ನು ಹತ್ತು ನಿಮಿಷ ಸುಮ್ನೆ ಬಿಡಿ. ಇನ್‌ಸ್ಟ್ರಕ್ಟರ್ ವಿಮರ್ಶೆ ಮುಗಿಯಲಿ. ಆಮೇಲೆ ಹಾರಿದವರು ಮೊದಲು ಮಾತಾಡಲಿ. ಕೆಳಗಿದ್ದವರು ಪ್ರಶ್ನೆ ಮಾತ್ರ ಕೇಳಬೇಕು: "ಮೂರನೆಯ ಲ್ಯಾಂಡಿಂಗ್‌ನಲ್ಲಿ ಎಲ್ಲಿ ನೋಡುತ್ತಿದ್ದೆ?" ಇದು ಸರಿ. "ನೀನು ತಡವಾಗಿ ಎತ್ತಿದೆ" ಇದು ಬೇಡ. ಅರ್ಧ ಕಲಿತವರು ಅರ್ಧ ಕಲಿತವರಿಗೆ ಪಾಠ ಹೇಳಿದರೆ ಇಬ್ಬರ ಕೈಯೂ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಮನೆಗೆ ಹೋಗುವ ದಾರಿ ಪೂರ್ತಿ ಮೌನ.

ಮನೆಯಲ್ಲಿ ಒಟ್ಟಿಗೆ ಮಾಡಬಹುದಾದ ಕೆಲಸವೂ ಇದೆ. ಎರಡು ಕುರ್ಚಿ ಅಕ್ಕಪಕ್ಕ ಹಾಕಿ ಕೂತು ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಹೇಳಿ, ಕೈಯನ್ನು ಆಯಾ ಜಾಗಕ್ಕೆ ಒಯ್ಯಿರಿ. ಒಬ್ಬರು ಹಠಾತ್ತನೆ "ಎಂಜಿನ್ ನಿಂತಿತು" ಅನ್ನಲಿ, ಇನ್ನೊಬ್ಬರು ಏನೇನು ಮಾಡುತ್ತಾರೆ ಅಂತ ಕ್ರಮವಾಗಿ ಹೇಳಲಿ. ರೇಡಿಯೋ ಮಾತುಗಳನ್ನು ಇಬ್ಬರೂ ಆಡಿ ಆಡಿ ರೂಢಿಸಿಕೊಳ್ಳಿ. ಒಬ್ಬರೇ ಕಲಿಯುವವರಿಗೆ ಈ ಅನುಕೂಲ ಸಿಗುವುದಿಲ್ಲ.

## ಹಂತ 7: ಗಾಳಿಯಲ್ಲಿನ ಪಾಠಗಳು, ಎಡವುವ ಜಾಗಗಳು

ಪಾಠಗಳ ಕ್ರಮ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಹಿಡಿತಗಳ ಪರಿಣಾಮ, ನೇರ ಹಾರಾಟ, ಏರುವುದು ಇಳಿಯುವುದು, ತಿರುವು, ನಿಧಾನ ಹಾರಾಟ, ಸ್ಟಾಲ್, ಸರ್ಕ್ಯೂಟ್, ಎಂಜಿನ್ ವೈಫಲ್ಯ. ಮೊದಲ ನಾಲ್ಕು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಈ ಕೆಳಗೆ ಹೇಳಿದ ಮೂರು ಜಾಗದಲ್ಲಿ ನಿಧಾನ ಮಾಡಿ.

ಸ್ಟಾಲ್. ರೆಕ್ಕೆ ಗಾಳಿಗೆ ತೀರಾ ಎತ್ತಿದ ಕೋನದಲ್ಲಿ ಹೋದಾಗ ಎತ್ತುವ ಬಲ ಕುಸಿಯುತ್ತದೆ. ತಿರುವಿನಲ್ಲಿ ಇದು ಜಾಸ್ತಿ ವೇಗದಲ್ಲೇ ಆಗುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಹೊರೆ ಎರಡು ಪಟ್ಟು, ಸ್ಟಾಲ್ ವೇಗ ಸುಮಾರು 1.41 ಪಟ್ಟು. ನೇರ ಹಾರಾಟದಲ್ಲಿ 40 ನಾಟ್‌ಗೆ (ನಾಟ್ ಅಂದರೆ ವಿಮಾನದ ವೇಗದ ಅಳತೆ) ಸ್ಟಾಲ್ ಆಗುವ ವಿಮಾನ ಅಲ್ಲಿ 56 ನಾಟ್‌ಗೇ ಆಗುತ್ತದೆ. ಇಳಿಯುವ ಮುಂಚಿನ ಕೊನೆಯ ತಿರುವಿನಲ್ಲಿ ರನ್‌ವೇ ದಾಟಿ ಹೋದಾಗ ಎಲ್ಲರಿಗೂ ಬರುವ ಆಸೆ, ರಡರ್ ಒತ್ತಿ ಮೂಗು ಎಳೆದು ಬೇಗ ತಿರುಗಿಸೋಣ ಅಂತ. ನೆಲಕ್ಕೆ ಹತ್ತಿರ, ವೇಗ ಕಡಿಮೆ, ಅಡ್ಡ ಎಳೆತ. ಸ್ಪಿನ್ ಆದರೆ, ಅಂದರೆ ವಿಮಾನ ಸುತ್ತುತ್ತಾ ಬೀಳತೊಡಗಿದರೆ, ಸರಿಪಡಿಸಲು ಎತ್ತರವೇ ಇರುವುದಿಲ್ಲ. ತಿರುವು ದಾಟಿತೇ, ಬಿಟ್ಟು ಬಿಡಿ. ಪವರ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೆ ಹೋಗಿ ಇನ್ನೊಂದು ಸುತ್ತು ಬನ್ನಿ.

ಲ್ಯಾಂಡಿಂಗ್. ಬಹಳ ಜನ ಚಕ್ರದ ಮುಂದಿನ ನೆಲವನ್ನು ನೋಡುತ್ತಾರೆ. ಮೂಗು ಎತ್ತುವ ಹೊತ್ತಿಗೆ ಕಣ್ಣು ರನ್‌ವೇಯ ದೂರದ ತುದಿಗೆ ಹೋಗಬೇಕು. ಆಗ ಮಾತ್ರ ನೆಲ ಎಷ್ಟು ಬೇಗ ಮೇಲೆ ಬರುತ್ತಿದೆ ಅಂತ ತಿಳಿಯುತ್ತದೆ. ಪುಟಿದರೆ ಸ್ಟಿಕ್ ಮುಂದಕ್ಕೆ ತಳ್ಳಿ ಕೂರಿಸಲು ಹೋಗಬೇಡಿ. ಎರಡನೆಯ ಪುಟಿತ ಇನ್ನೂ ಜೋರಾಗಿರುತ್ತದೆ, ಮುಂದಿನ ಚಕ್ರ ಮುರಿಯುವುದು ಹಾಗೇ. ಇದಕ್ಕೂ ಗೋ ಅರೌಂಡೇ ಮದ್ದು. ಕೆಳಗಿದ್ದು ನೋಡುವವರು ಗೋ ಅರೌಂಡನ್ನು ಸೋಲು ಅಂತ ನೋಡಬಾರದು. "ಏನಾಯ್ತು?" ಅನ್ನುವ ಒಂದು ಪ್ರಶ್ನೆ ಮುಂದಿನ ಸಲ ಅವರನ್ನು ಬಲವಂತವಾಗಿ ಇಳಿಯುವ ಹಾಗೆ ಮಾಡಬಹುದು.

ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ. ಹಗುರ ವಿಮಾನದ ವೇಗ ಕ್ಷಣದಲ್ಲಿ ಸೋರಿಹೋಗುತ್ತದೆ. ಮೊದಲ ಕೆಲಸ ಮೂಗು ಕೆಳಗೆ ಮಾಡಿ ಗ್ಲೈಡ್ ವೇಗ (ಎಂಜಿನ್ ಇಲ್ಲದೆ ತೇಲಿ ಇಳಿಯುವ ವೇಗ) ಹಿಡಿಯುವುದು. ಟ್ರೈಕಿನಲ್ಲಾದರೆ ಬಾರ್ ಒಳಗೆ ಎಳೆಯುವುದು. ಎರಡನೆಯದು ಎದುರಿಗೆ ಅಥವಾ ಸ್ವಲ್ಪ ಪಕ್ಕದಲ್ಲಿ ಕಾಣುವ ಬಯಲಿಗೆ ಇಳಿಯುವುದು. ತಿರುಗಿ ರನ್‌ವೇಗೆ ಬರುವ ಆಸೆ ಬೇಡ. ಪ್ರತಿ ಟೇಕಾಫ್‌ಗೆ ಮುಂಚೆ "ಇಲ್ಲಿ ನಿಂತರೆ ಅಲ್ಲಿ ಇಳಿಯುತ್ತೇನೆ" ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ಇಬ್ಬರೂ ಮಾಡಿಕೊಳ್ಳಿ.

ನೆಲದ ಮೇಲೂ ಒಂದು ಮಾತು. ಇಗ್ನಿಷನ್ ಆಫ್ ಇದ್ದರೂ ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗಬಹುದು ಅಂತಲೇ ನಡೆದುಕೊಳ್ಳಿ. ಸಂಗಾತಿ ಇಳಿದು ಬಂದ ಖುಷಿಯಲ್ಲಿ ಎಂಜಿನ್ ಇನ್ನೂ ಓಡುತ್ತಿರುವ ವಿಮಾನದ ಕಡೆ ಓಡುವುದು ನಿಜವಾಗಿ ಅಪಾಯ. ಪ್ರೊಪೆಲ್ಲರ್ ನಿಂತು, ಒಳಗಿದ್ದವರು ಕೈ ಸನ್ನೆ ಮಾಡಿದ ಮೇಲೆಯೇ ಹೆಜ್ಜೆ ಇಡಿ.

## ಹಂತ 8: ಸೋಲೋ, ಒಬ್ಬರಿಗೆ ಮೊದಲು ಬಂದಾಗ

ಸೋಲೋ, ಅಂದರೆ ಇನ್‌ಸ್ಟ್ರಕ್ಟರ್ ಇಲ್ಲದೆ ಒಬ್ಬರೇ ಹಾರುವುದು, ಇಬ್ಬರಿಗೂ ಒಂದೇ ದಿನ ಬರುವುದು ಅಪರೂಪ. ಇದನ್ನು ಮೊದಲೇ ಮಾತಾಡಿಕೊಂಡಿರಿ. ಹಿಂದೆ ಉಳಿದವರಿಗೆ ಸಮಾಧಾನ ಹೇಳಲು ಹೋಗಬೇಡಿ, ಅದು ಇನ್ನಷ್ಟು ಚುಚ್ಚುತ್ತದೆ. ಅವರ ಮುಂದಿನ ಪಾಠಕ್ಕೆ ಎಂದಿನಂತೆ ಹೋಗಿ, ಎಂದಿನಂತೆ ಗುರುತು ಮಾಡಿ. ಗಂಟೆಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಡಿ.

ಸೋಲೋ ದಿನ ಸಂಗಾತಿ ಅಲ್ಲಿರಬೇಕೋ ಬೇಡವೋ ಅನ್ನುವುದನ್ನು ಹಾರುವವರೇ ಹೇಳಬೇಕು. ಕೆಲವರಿಗೆ ಕೆಳಗೆ ಒಬ್ಬರು ನಿಂತಿದ್ದರೆ ಧೈರ್ಯ, ಕೆಲವರಿಗೆ ಅದೇ ಒತ್ತಡ.

ಹಾರುವವರಿಗೆ ಗೊತ್ತಿರಬೇಕಾದದ್ದು ಇಷ್ಟು. ಇನ್‌ಸ್ಟ್ರಕ್ಟರ್ ಇಳಿದ ತಕ್ಷಣ ವಿಮಾನ ಬಹಳ ಹಗುರ. ಬೇಗ ಏರುತ್ತದೆ, ಸರ್ಕ್ಯೂಟ್ ಎತ್ತರ ಮೊದಲೇ ಬಂದು ಬಿಡುತ್ತದೆ, ಇಳಿಯುವಾಗ ನೆಲದ ಹತ್ತಿರ ಜಾಸ್ತಿ ಹೊತ್ತು ತೇಲುತ್ತದೆ. ಗಾಬರಿ ಬೇಡ, ಕಾಯಿರಿ, ಅದೇ ಕೂರುತ್ತದೆ.

## ಹಂತ 9: ಲೈಸೆನ್ಸ್ ಬಂದ ಮೇಲೆ ಇಬ್ಬರೇ

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಹಂತ ಇದು. ಮೊದಲು ನಿಯಮ ನೋಡಿ. ಲೈಸೆನ್ಸ್ ಬಂದ ಕೂಡಲೇ ಪ್ರಯಾಣಿಕರನ್ನು ಕೂರಿಸಲು ಎಲ್ಲ ಕಡೆ ಬಿಡುವುದಿಲ್ಲ. ಕೆಲವು ಕಡೆ ಇನ್ನಷ್ಟು ಗಂಟೆಗಳ ಅನುಭವ ಕೇಳುತ್ತಾರೆ. ಹಿಂದಿನ 90 ದಿನಗಳಲ್ಲಿ 3 ಟೇಕಾಫ್ ಮತ್ತು 3 ಲ್ಯಾಂಡಿಂಗ್ ಮಾಡಿರಬೇಕು ಅನ್ನುವ ನಿಯಮ ಬಹಳ ದೇಶಗಳಲ್ಲಿದೆ.

ಈಗ ವಿಮಾನದ ನಡವಳಿಕೆ. ಪರೀಕ್ಷೆಗೆ ಮುಂಚಿನ ಹಾರಾಟಗಳಲ್ಲಿ ಬಹಳಷ್ಟು ಸೋಲೋ ಆಗಿರುತ್ತವೆ. ಕೈಗೆ ಹಗುರ ವಿಮಾನ ರೂಢಿಯಾಗಿರುತ್ತದೆ. ಈಗ ಹಂತ 3ರ ಉದಾಹರಣೆಗೆ ಬನ್ನಿ. ಸೋಲೋದಲ್ಲಿ ಸುಮಾರು 377 ಕಿಲೋ (ವಿಮಾನ 275, ಒಬ್ಬರು 72, ಸಾಮಾನು 5, ಇಂಧನ 25) ಇದ್ದದ್ದು ಇಬ್ಬರು ಕೂತರೆ 450. ಹೆಚ್ಚು ಕಡಿಮೆ ಶೇಕಡಾ 20 ಜಾಸ್ತಿ. ತೂಕ ಶೇಕಡಾ 10 ಏರಿದರೆ ಟೇಕಾಫ್ ದೂರ ಸುಮಾರು ಶೇಕಡಾ 20 ಏರುತ್ತದೆ ಅನ್ನುವುದು ಪೈಲಟ್‌ಗಳು ಬಳಸುವ ಲೆಕ್ಕ. ಎರಡು ಸಲ ಗುಣಿಸಿದರೆ 1.44. ಸೋಲೋದಲ್ಲಿ 200 ಮೀಟರಿಗೆ ಎದ್ದ ವಿಮಾನಕ್ಕೆ ಈಗ 288 ಮೀಟರ್. ಅವತ್ತು ಬಿಸಿಲು 10 ಡಿಗ್ರಿ ಜಾಸ್ತಿ ಇದ್ದರೆ ಇನ್ನೂ 1.1 ಪಟ್ಟು, 317 ಮೀಟರ್. ನೆಲ ಮೆತ್ತಗಿದ್ದರೆ 1.25 ಪಟ್ಟು, ಸುಮಾರು 396. ಅದೇ ರನ್‌ವೇ, ಅದೇ ವಿಮಾನ, ಎರಡು ಪಟ್ಟು ದೂರ. ಸ್ಟಾಲ್ ವೇಗವೂ ಸುಮಾರು ಶೇಕಡಾ 9 ಏರುತ್ತದೆ. ಅದಕ್ಕೆ ಮೊದಲ ಜೋಡಿ ಹಾರಾಟಕ್ಕೆ ಮುನ್ನ ಇನ್‌ಸ್ಟ್ರಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ತೂಕದಲ್ಲಿ ಕೆಲವು ಸರ್ಕ್ಯೂಟ್ ಮಾಡಿ. ಈ ಖರ್ಚು ಉಳಿಸಬೇಡಿ.

ಇಬ್ಬರೂ ಪೈಲಟ್ ಆಗಿದ್ದಾಗಿನ ಅಪಾಯವೇ ಬೇರೆ. ಅವರು ನೋಡಿಕೊಳ್ಳುತ್ತಾರೆ ಅಂತ ಇವರು, ಇವರು ನೋಡಿಕೊಳ್ಳುತ್ತಾರೆ ಅಂತ ಅವರು. ಇದಕ್ಕೆ ಮದ್ದು, ಪ್ರತಿ ಹಾರಾಟಕ್ಕೆ ಮುಂಚೆ ಈ ನಾಲ್ಕನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು.

1. ಇವತ್ತಿನ ಪೈಲಟ್ ಯಾರು, ಅಂದರೆ ಕೊನೆಯ ಮಾತು ಯಾರದು. ವಿಮಾನ ಹತ್ತುವ ಮೊದಲೇ ತೀರ್ಮಾನ, ಮೇಲೆ ಹೋದ ಮೇಲೆ ಬದಲಿಲ್ಲ.
2. ಹಿಡಿತ ಕೊಡುವುದು ತೆಗೆದುಕೊಳ್ಳುವುದು ಮೂರು ಮಾತಿನಲ್ಲಿ. "ನೀನು ಹಿಡಿ." "ನಾನು ಹಿಡಿದೆ." "ಸರಿ, ನೀನೇ ಹಿಡಿದಿದ್ದೀಯ." ಎರಡನೆಯ ಮಾತು ಕೇಳುವ ತನಕ ಮೊದಲಿನವರು ಕೈ ಬಿಡಬಾರದು.
3. ಎಂಜಿನ್ ಶುರುವಾದಾಗಿನಿಂದ 1000 ಅಡಿ ದಾಟುವ ತನಕ, ಮತ್ತೆ ಸರ್ಕ್ಯೂಟ್ ಸೇರಿದಾಗಿನಿಂದ ನಿಲ್ಲುವ ತನಕ, ಹಾರಾಟಕ್ಕೆ ಬೇಕಾದ ಮಾತು ಮಾತ್ರ.
4. ಪಕ್ಕದಲ್ಲಿರುವವರು "ಗೋ ಅರೌಂಡ್" ಅಂದರೆ ಪೈಲಟ್ ವಾದ ಮಾಡದೆ ಮೇಲೇಳಬೇಕು. ಆದರೆ ಪಕ್ಕದವರು ತಾವಾಗಿಯೇ ಸ್ಟಿಕ್ ಮುಟ್ಟಬಾರದು.

ವಿಮಾನಕ್ಕೆ ತುರ್ತು ಪ್ಯಾರಾಚೂಟ್ ಇದ್ದರೆ ಹಿಡಿ ಎಲ್ಲಿದೆ, ಸುರಕ್ಷತಾ ಪಿನ್ ತೆಗೆದಿದೆಯಾ ಅಂತ ಇಬ್ಬರೂ ಮುಟ್ಟಿ ನೋಡಿ. ಇಳಿದ ಮೇಲೆ ಪಿನ್ ವಾಪಸ್ ಹಾಕುವುದೂ ನೆನಪಿರಲಿ, ಪ್ಯಾರಾಚೂಟನ್ನು ಹೊರಗೆಳೆಯುವ ರಾಕೆಟ್ ನೆಲದ ಮೇಲೂ ಜೀವ ತೆಗೆಯಬಲ್ಲದು.

ಸೀಟು ಬದಲಿಸುವುದು ಸಣ್ಣ ವಿಷಯವಲ್ಲ. ಎಡಗಡೆ ಕೂತು ಕಲಿತವರು ಬಲಗಡೆ ಕೂತರೆ ಸ್ಟಿಕ್ ಮತ್ತು ಥ್ರಾಟಲ್ (ಎಂಜಿನ್ ಪವರ್ ಹೆಚ್ಚು ಕಡಿಮೆ ಮಾಡುವ ಹಿಡಿ) ಹಿಡಿಯುವ ಕೈಗಳು ಬದಲಾಗಬಹುದು, ರನ್‌ವೇ ಕಾಣುವ ಕೋನವೂ ಬೇರೆ. ಇನ್‌ಸ್ಟ್ರಕ್ಟರ್ ಜೊತೆ ಅಭ್ಯಾಸ ಮಾಡದೆ ಆ ಸೀಟಿನಿಂದ ಇಳಿಸಲು ಹೋಗಬೇಡಿ. ಒಬ್ಬರು ಹೋಗುವಾಗ ಹಾರಿಸಿ, ಇನ್ನೊಬ್ಬರು ಬರುವಾಗ ಹಾರಿಸುವ ಯೋಜನೆ ಇದ್ದರೆ ನಡುವೆ ಇಳಿದು, ಎಂಜಿನ್ ನಿಲ್ಲಿಸಿ, ಸೀಟು ಬದಲಿಸಿಕೊಳ್ಳಿ.

ಮೊದಲ ಜೋಡಿ ಹಾರಾಟ ಚಿಕ್ಕದಾಗಿರಲಿ. ಶಾಂತ ಗಾಳಿ, ಪರಿಚಯದ ರನ್‌ವೇ, ಅರ್ಧ ಗಂಟೆಯೊಳಗೆ ವಾಪಸ್. ನೆಂಟರನ್ನು ನೋಡಲು ಕರೆಯಬೇಡಿ. ಜನ ಕಾಯುತ್ತಿದ್ದಾರೆ ಅನ್ನುವುದಕ್ಕೆ ಕೆಟ್ಟ ಗಾಳಿಯಲ್ಲಿ ಹೊರಡುವ ಮನಸ್ಸಾಗುತ್ತದೆ.

## ಹಂತ 10: ಯಾವಾಗ ನಿಲ್ಲಿಸಬೇಕು

ಹಾರುವ ದಿನ ಬೆಳಿಗ್ಗೆ ಇಬ್ಬರೂ ತಮ್ಮನ್ನು ತಾವು ಕೇಳಿಕೊಳ್ಳಿ: ಕಾಯಿಲೆ, ಔಷಧಿ, ಒತ್ತಡ, ಮದ್ಯ, ದಣಿವು, ಮನಸ್ಸಿನ ಸ್ಥಿತಿ. ಕೊನೆಯದನ್ನು ಜೋಡಿಗಳು ಮುಚ್ಚಿಡುತ್ತಾರೆ. ದಾರಿಯಲ್ಲಿ ಜಗಳವಾಗಿದ್ದರೆ ಅವತ್ತು ಹಾರಬೇಡಿ. ಸಿಟ್ಟಿನಲ್ಲಿರುವವರು ಚೆಕ್‌ಲಿಸ್ಟಿನ ಸಾಲು ಬಿಡುತ್ತಾರೆ, ಪಕ್ಕದವರು ಅದನ್ನು ಕಂಡರೂ ಹೇಳುವುದಿಲ್ಲ.

ಕಲಿಕೆಯ ನಡುವೆ ಈ ಲಕ್ಷಣಗಳು ಕಂಡರೆ ಒಂದೆರಡು ವಾರ ಬಿಡುವು ಕೊಟ್ಟು ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿ. ಒಬ್ಬರು ಪಾಠದ ಹಿಂದಿನ ರಾತ್ರಿ ನಿದ್ದೆ ಮಾಡುತ್ತಿಲ್ಲ. ಒಬ್ಬರು ಹವಾಮಾನ ಕೆಟ್ಟು ಪಾಠ ರದ್ದಾದಾಗ ನಿರಾಳವಾಗುತ್ತಿದ್ದಾರೆ. ಒಬ್ಬರ ಲಾಗ್‌ಬುಕ್‌ನಲ್ಲಿ ಒಂದೇ ಪಾಠ ಮತ್ತೆ ಮತ್ತೆ ಬರುತ್ತಿದೆ, ಏಕೆ ಅಂತ ಅವರಿಗೇ ಹೇಳಲು ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಇನ್ನೊಬ್ಬರ ಪಾಠ ನಿಲ್ಲಿಸಬೇಕಾಗಿಲ್ಲ. ಬಿಡುವು ತೆಗೆದುಕೊಂಡವರು ಮನಸ್ಸಿದ್ದರೆ ಕೆಳಗಿನ ಕೆಲಸ ಮುಂದುವರಿಸಲಿ, ಇಲ್ಲದಿದ್ದರೆ ಮನೆಯಲ್ಲೇ ಇರಲಿ. ವಾಪಸ್ ಬಂದಾಗ ಬಿಟ್ಟ ಪಾಠದಿಂದಲ್ಲ, ಅದಕ್ಕೂ ಹಿಂದಿನ, ಚೆನ್ನಾಗಿ ಬರುತ್ತಿದ್ದ ಪಾಠದಿಂದ ಶುರು ಮಾಡಲು ಇನ್‌ಸ್ಟ್ರಕ್ಟರಿಗೆ ಹೇಳಿ.